ಮೂರು ಬಾಯಿಯ ಬಟ್ಟೆಗಳು

ಕಳೆದ ತಿಂಗಳು ಕೋಲಾರದ ಹೊಲಿಗೆ ತರಬೇತಿ ಕೇಂದ್ರದಲ್ಲಿ ಖಾಲಾ ಅವರಿಗೆ ಬೀಳ್ಕೊಡುಗೆ ಇತ್ತು. ಶಾಲು ಹೊದಿಸಿದವರು ಇನ್ನೂ ಕೈ ತೆಗೆದಿರಲಿಲ್ಲ, ಖಾಲಾ ಶಾಲಿನ ಒಂದು ತುದಿಯನ್ನು ಮುಂದಕ್ಕೆ ಎಳೆದುಕೊಂಡು, ಮಗುಚಿ, ಅಂಚಿನ ಹಿಂಬದಿಯನ್ನು ನೋಡತೊಡಗಿದರು. ಫೋಟೊ ತೆಗೆಯುವವನು "ಅಮ್ಮಾ, ಈ ಕಡೆ" ಎಂದು ಎರಡು ಸಲ ಕೂಗಿದ. ಅವರು ತಲೆ ಎತ್ತಲಿಲ್ಲ. ಆ ಫೋಟೊ ಈಗ ನನ್ನ ಬಳಿ ಇದೆ. ಅದರಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಖಾಲಾ ಮಾತ್ರ ಹೊಲಿಗೆ ನೋಡುತ್ತಿದ್ದಾರೆ.

ಖಾಲಾ ಎಂದರೆ ಅವರ ಮನೆಮಾತಿನಲ್ಲಿ ತಾಯಿಯ ಒಡಹುಟ್ಟಿದವಳು. ಓಣಿಯವರೆಲ್ಲ ಹಾಗೆಯೇ ಕರೆಯುತ್ತಿದ್ದರು, ನಾನೂ ಕರೆದೆ. ಅವರ ನಿಜವಾದ ಹೆಸರು ನನಗೆ ತಿಳಿದದ್ದು ಒಂದು ಅರ್ಜಿ ತುಂಬುವಾಗ. ಅದನ್ನು ಇಲ್ಲಿ ಬರೆಯುವುದಿಲ್ಲ. ಅವರಿಗೆ ಅದು ಇಷ್ಟವಾಗುವುದಿಲ್ಲ, ನನಗೂ.

ಎಂ.ಎಸ್ಸಿ. ಓದಿದ ಎರಡು ವರ್ಷ ನಾನು ಅವರ ಮನೆಯ ಮಹಡಿಯ ಕೋಣೆಯಲ್ಲಿದ್ದೆ. ನಮ್ಮ ಮನೆ ಯಲ್ದೂರಿನ ಹತ್ತಿರ. ಮಗಳು ದಿನಾ ಬಸ್ಸಿನಲ್ಲಿ ಹೋಗಿಬಂದರೆ ಓದುವುದು ಯಾವಾಗ ಎಂದು ಅಪ್ಪ ಕೋಣೆ ಹುಡುಕಿದರು. ಮೊದಲ ದಿನ ಅಪ್ಪ ತೆಲುಗಿನಲ್ಲಿ ವಿಚಾರಿಸಿದರೆ ಖಾಲಾ ತೆಲುಗಿನಲ್ಲೇ ಉತ್ತರ ಕೊಟ್ಟರು, ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದರು, ಒಳಗೆ ಪಾತ್ರೆ ಬಿದ್ದ ಸದ್ದು ಕೇಳಿ ಬೆಕ್ಕನ್ನು ಉರ್ದುವಿನಲ್ಲಿ ಬೈದರು. ಮೂರೂ ಒಂದೇ ಉಸಿರಿನಲ್ಲಿ ಆದವು.

ಬೀದಿಗೆ ತೆರೆದ ಮುಂಗೋಣೆಯಲ್ಲಿ ಅವರ ಕಾಲು ಮಿಷನ್ನು ಇತ್ತು. ಜಾಕೀಟು ಅಂದರೆ ರವಿಕೆ, ಲಂಗ, ಸಲ್ವಾರು, ಮಕ್ಕಳ ಬಟ್ಟೆ ಹೊಲಿಯುತ್ತಿದ್ದರು. ಮಧ್ಯಾಹ್ನ ಊಟದ ನಂತರ ಓಣಿಯ ನಾಲ್ಕೈದು ಹುಡುಗಿಯರು ಚಾಪೆಯ ಮೇಲೆ ಕೂತು ಕಲಿಯುತ್ತಿದ್ದರು. ಅದು ಇಪ್ಪತ್ತು ವರ್ಷದಿಂದ ನಡೆದುಬಂದದ್ದು. ಹೊಸ ಹುಡುಗಿ ಬಂದರೆ ಸೂಜಿ ಹಿಡಿಯುವುದನ್ನು ಅವರು ಮೊದಲು ಹೇಳಿಕೊಡುತ್ತಿರಲಿಲ್ಲ. ಒಂದು ಬಟ್ಟೆ ಕೈಗೆ ಕೊಟ್ಟು ಕೇಳುತ್ತಿದ್ದರು: "ಎಷ್ಟು ಬಾಯಿ?"

ಹುಡುಗಿ ತಬ್ಬಿಬ್ಬಾಗುವಳು. ಖಾಲಾ ಬಟ್ಟೆಯನ್ನು ಇಸಿದುಕೊಂಡು ಪ್ರತಿ ತೆರಪಿನಲ್ಲೂ ಮುಷ್ಟಿ ತೂರಿಸಿ ತೋರಿಸುವರು. ಲಂಗಕ್ಕೆ ಮೇಲೊಂದು, ಕೆಳಗೊಂದು, ಎರಡು ಬಾಯಿ. ಪ್ಯಾಂಟಿಗೆ ಸೊಂಟದ್ದು ಒಂದು, ಕಾಲಿನವು ಎರಡು, ಒಟ್ಟು ಮೂರು. ಕುರ್ತಾಗೆ ನಾಲ್ಕು.

"ಬಾಯಿ ಗೊತ್ತಾದ್ರೆ ಬಟ್ಟೆ ಗೊತ್ತಾದಂಗೆ. ಉದ್ದ ಅಗಲ ಎಲ್ಲಾ ಆಮೇಲೆ. ಅದು ಟೇಪು ಹೇಳುತ್ತೆ, ನೀನು ಯಾಕೆ ತಲೆ ಕೆಡಿಸ್ಕೊತೀಯ?"

ನಾನು ಮಹಡಿಯ ಮೆಟ್ಟಿಲ ಮೇಲೆ ಕೂತು ಓದುತ್ತ ಇದನ್ನು ಕೇಳಿಸಿಕೊಳ್ಳುತ್ತಿದ್ದೆ. ಎರಡನೆಯ ಸೆಮಿಸ್ಟರಿನಲ್ಲಿ ಟೊಪಾಲಜಿ ಬಂತು. ಆ ಗಣಿತದಲ್ಲಿ ಎರಡು ಆಕಾರಗಳು ಯಾವಾಗ ಒಂದೇ ಎನ್ನುವುದು ಮೊದಲ ಪ್ರಶ್ನೆ. ಹಿಗ್ಗಿಸಬಹುದು, ಕುಗ್ಗಿಸಬಹುದು, ಬಗ್ಗಿಸಬಹುದು. ಹರಿಯಬಾರದು, ಅಂಟಿಸಬಾರದು. ಹೀಗೆ ಒಂದನ್ನು ಇನ್ನೊಂದಾಗಿ ಮಾಡಲು ಸಾಧ್ಯವಾದರೆ ಅವೆರಡೂ ಒಂದೇ. ವ್ಯಾಖ್ಯೆ ನನಗೆ ಬಾಯಿಪಾಠ ಬರುತ್ತಿತ್ತು, ಅದಕ್ಕಿಂತ ಹೆಚ್ಚೇನೂ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಖಾಲಾ ಕೆಳಗಿನಿಂದ ಕೇಳಿದರು. "ಏನ್ ಬೇಟಾ, ಬೆಳಗ್ಗಿಂದ ಒಂದೇ ಪುಟ ನೋಡ್ತಾ ಇದ್ದೀಯ. ಏನಿದೆ ಅದ್ರಲ್ಲಿ?"

ನಾನು ಹೇಳಿದೆ. ಚೆನ್ನಾಗಿ ಹೇಳಲಿಲ್ಲ, ಆದರೂ ಹೇಳಿದೆ. ಅವರು ದಾರ ಕಚ್ಚಿ ತುಂಡು ಮಾಡಿದರು.

"ಅಷ್ಟೇನಾ? ಹಾಗಾದ್ರೆ ಕಾಲುಚೀಲಾನೂ ಕರ್ಚೀಫೂ ಒಂದೇ."

"ಹೇಗೆ ಖಾಲಾ?"

"ಕಾಲುಚೀಲಕ್ಕೆ ಒಂದೇ ಬಾಯಿ. ಆ ಬಾಯಿನ ಹಿಗ್ಗಿಸ್ತಾ ಹೋಗು, ಹಿಗ್ಗಿಸ್ತಾ ಹೋಗು, ಕೊನೆಗೆ ಚಪ್ಪಟೆ ಆಗುತ್ತೆ. ಕರ್ಚೀಫು. ಸೀರೆನೂ ಅದೇ ಜಾತಿ, ಟೋಪಿನೂ ಅದೇ ಜಾತಿ. ಲಂಗ ಬೇರೆ ಜಾತಿ, ಅದು ಬಳೆ ಕಡೇದು." ಸ್ವಲ್ಪ ಹೊತ್ತು ಮಿಷನ್ನು ತುಳಿದು ನಿಲ್ಲಿಸಿದರು. "ಇದಕ್ಕೆ ಎಂ.ಎಸ್ಸಿ. ಬೇಕಾ?"

ಹುಡುಗಿಯರು ನಕ್ಕರು. ನಾನೂ ನಗಬೇಕಾಯಿತು. ಪುಸ್ತಕದ ಆ ಪುಟವನ್ನು ಅವತ್ತು ತಿರುವಿದೆ.

ಅಲ್ಲಿಂದ ನಮ್ಮಿಬ್ಬರ ನಡುವೆ ಒಂದು ಪಂದ್ಯ ಶುರುವಾಯಿತು. ಗುಂಡಿ ಹಾಕಿದ ಅಂಗಿಗೂ ಗುಂಡಿ ಬಿಚ್ಚಿದ ಅಂಗಿಗೂ ಬಾಯಿ ಒಂದೇನಾ ಎಂದು ನಾನು ಕೇಳಿದೆ. ಗೆದ್ದೆ ಎಂದುಕೊಂಡೆ. ಅವರು ಹೊಲಿಗೆಗೆ ಬಂದ ಒಂದು ಅಂಗಿಯ ಗುಂಡಿ ಬಿಚ್ಚಿ ಹರಡಿ ಅಂಚಿನ ಮೇಲೆ ಬೆರಳು ಓಡಿಸಿದರು. ಕುತ್ತಿಗೆಯಿಂದ ಗುಂಡಿಪಟ್ಟಿ, ಅಲ್ಲಿಂದ ಕೆಳಗಿನ ಅಂಚು, ಮತ್ತೆ ಇನ್ನೊಂದು ಪಟ್ಟಿ, ಮತ್ತೆ ಕುತ್ತಿಗೆ. ಬೆರಳು ಎತ್ತದೆ ಹೊರಟಲ್ಲಿಗೇ ಬಂದರು. "ಇದೆಲ್ಲಾ ಸೇರಿ ಒಂದೇ ಬಾಯಿ. ತೋಳು ಎರಡು. ಗುಂಡಿ ಹಾಕಿದ್ರೆ ನಾಲ್ಕು, ಬಿಚ್ಚಿದ್ರೆ ಮೂರು." ನಂತರ ಅವರಿಗೇ ಆಶ್ಚರ್ಯವಾಯಿತು. "ಯಾ ಅಲ್ಲಾ, ಬಿಚ್ಚಿದ ಅಂಗಿ ಪ್ಯಾಂಟಾಗಿ ಹೋಯ್ತು!"

"ಕಾಜಾ ಬಿಟ್ಟು" ಎಂದೆ ನಾನು. ಪ್ರತಿ ಗುಂಡಿಯ ಕಾಜಾವೂ ಒಂದು ಬಾಯಿಯೇ.

"ಹೌ, ಕಾಜಾ ಬಿಟ್ಟು" ಎಂದು ಒಪ್ಪಿಕೊಂಡರು. ತಪ್ಪನ್ನು ಅಷ್ಟು ಬೇಗ, ಅಷ್ಟು ಸಂತೋಷದಿಂದ ಒಪ್ಪುವವರನ್ನು ನಾನು ವಿಶ್ವವಿದ್ಯಾಲಯದಲ್ಲಿ ನೋಡಿರಲಿಲ್ಲ.

ಒಮ್ಮೆ ಮಾತ್ರ ಅವರನ್ನು ಸೋಲಿಸಿದೆ. ಒಂದು ಪಟ್ಟಿಯನ್ನು ಅರ್ಧ ತಿರುಚಿ ತುದಿಗಳನ್ನು ಹೊಲಿದು ಕೊಟ್ಟೆ. ಅದಕ್ಕೂ ಅಂಚು ಒಂದೇ, ಆದರೆ ಅದು ಕರ್ಚೀಫಲ್ಲ. ಹೊರಬದಿಯಲ್ಲಿ ಹೊರಟ ಅವರ ಬೆರಳು ಒಳಬದಿಗೆ ಬಂದು ಮುಟ್ಟಿತು. ಮತ್ತೊಮ್ಮೆ ಓಡಿಸಿದರು, ಮತ್ತೆ ಹಾಗೇ ಆಯಿತು. "ಇದಕ್ಕೆ ಉಲ್ಟಾನೂ ಇಲ್ಲ, ಸೀದಾನೂ ಇಲ್ಲ" ಎಂದು ನನ್ನ ಕಡೆ ಎಸೆದರು. "ನಕ್ಕೋ ಬೇಟಾ, ಬೇಡ. ಇದು ಬಟ್ಟೆ ಅಲ್ಲ, ತಲೆನೋವು."

ಉಲ್ಟಾ ಸೀದಾ ಎಂದರೆ ಅವರಿಗೆ ಆಟವಾಗಿರಲಿಲ್ಲ. ಅದರ ಹಿಂದೆ ಒಂದು ಹಳೆಯ ಮಾತು ಇತ್ತು. ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಒಬ್ಬ ಕೋಟ್ ಮಾಸ್ಟರ್ ಇದ್ದರು. ಮದುವೆ ಗಂಡುಗಳೆಲ್ಲ ಕೋಟಿಗೆ ಅವರ ಹತ್ತಿರವೇ ಹೋಗುತ್ತಿದ್ದರು. ಅವರ ಕೋಟಿನ ಒಳಗೆ ಲೈನಿಂಗ್ ಬಟ್ಟೆ ಸುತ್ತಲೂ ಕೂಡಿಕೊಂಡಿರುತ್ತಿತ್ತು, ಹೊಲಿಗೆಯ ಕಚ್ಚು, ಅಂದರೆ ಹೊಲಿಗೆಯಾಚೆ ಉಳಿಯುವ ಬಟ್ಟೆಯ ಅಂಚು, ಒಂದೂ ಹೊರಗೆ ಕಾಣುತ್ತಿರಲಿಲ್ಲ. ಎರಡು ಪದರವನ್ನು ಉಲ್ಟಾ ಇಟ್ಟು ಹೊಲಿದು, ಆಮೇಲೆ ಎಲ್ಲಿಂದಲೋ ಒಳಗಿನದನ್ನು ಹೊರಗೆ ಎಳೆಯುತ್ತಾರೆ ಎನ್ನುವಷ್ಟು ಖಾಲಾ ಅವರಿಗೆ ಗೊತ್ತಿತ್ತು. ಎಲ್ಲಿಂದ ಎಂಬುದು ಗೊತ್ತಿರಲಿಲ್ಲ. ಹಿಂದೊಮ್ಮೆ ಅವರ ಅಂಗಡಿಗೆ ಹೋಗಿ ಕೇಳಿದ್ದರಂತೆ.

"ಏಮ್ಮಾ, ಜಾಕೀಟು ಹೊಲಿಯೋ ಕೈಗೆ ಇದೆಲ್ಲಾ ಯಾಕೆ? ಕೋಟು ತಿರುಗಿಸೋದು ಕೈ ಕೆಲಸ ಅಲ್ಲ, ತಲೆ ಕೆಲಸ" ಎಂದು ಮಾಸ್ಟರ್ ಅಂಗಡಿಯಲ್ಲಿದ್ದವರ ಮುಂದೆ ಹೇಳಿದರಂತೆ.

ಖಾಲಾ ಇದನ್ನು ನನಗೆ ಕೋಪವಿಲ್ಲದೆ ಹೇಳಿದರು. "ಹೇಳ್ಕೊಡಲ್ಲ ಅಂದಿದ್ರೆ ಸರಿ, ಅವರ ಕಸುಬು. ತಲೆ ಇಲ್ಲ ಅಂದ್ರಲ್ಲ, ಅದು ಸರಿ ಅಲ್ಲ." ಅಷ್ಟು ಹೇಳಿ ಮಿಷನ್ನಿಗೆ ಎಣ್ಣೆ ಬಿಟ್ಟರು.

ಆ ಚಳಿಗಾಲ ನನ್ನ ಅಕ್ಕನಿಗೆ ಮಗುವಾಯಿತು. ಮಗುವಿಗೆ ಬೆಚ್ಚಗಿರಲಿ ಎಂದು ಖಾಲಾ ಎರಡು ಪದರದ ಚಡ್ಡಿ ಹೊಲಿಯಲು ಕೂತರು. ಹೊರಗೆ ಹೂವಿನ ಬಟ್ಟೆ, ಒಳಗೆ ನಮ್ಮ ಅಜ್ಜನ ಹಳೆಯ ಪಂಚೆಯ ಮೆತ್ತನೆಯ ತುಂಡು. ಮಗುವಿನ ತೊಡೆಗೆ ಕಚ್ಚು ಒತ್ತಬಾರದು, ಆದ್ದರಿಂದ ಕೋಟಿನ ಹಾಗೆ ಎಲ್ಲವೂ ಒಳಗೆ ಅಡಗಬೇಕು. ಅವರು ಎರಡು ಚಡ್ಡಿ ಪೂರ್ತಿ ಹೊಲಿದರು. ಒಂದರೊಳಗೆ ಒಂದು ಉಲ್ಟಾ ಇಟ್ಟು, ಸೊಂಟ, ಎರಡು ಕಾಲು, ಮೂರು ಬಾಯಿಯನ್ನೂ ಸುತ್ತಲೂ ಸೇರಿಸಿ ಹೊಲಿದರು. ಎರಡು ಬೆರಳಷ್ಟು ಸಂದಿ ಬಿಟ್ಟಿದ್ದರು. ಆ ಸಂದಿಯಿಂದ ಎಲ್ಲವನ್ನೂ ಹೊರಗೆ ಎಳೆದರು.

ಬಂದದ್ದು ಚಡ್ಡಿಯಾಗಿರಲಿಲ್ಲ. ಎರಡು ಸೈಕಲ್ ಟ್ಯೂಬು ಒಂದಕ್ಕೊಂದು ಅಂಟಿಕೊಂಡ ಹಾಗೆ ಏನೋ ಇತ್ತು. ಹೂವಿನ ಬಟ್ಟೆ ಒಂದು ಕಡೆ ಉಬ್ಬಿತ್ತು, ಪಂಚೆ ಇನ್ನೊಂದು ಕಡೆ. ಕಾಲು ಹಾಕಲು ಜಾಗವೇ ಇರಲಿಲ್ಲ. ಖಾಲಾ ಅದನ್ನು ಎತ್ತಿ ಹಿಡಿದು ನೋಡಿದರು.

"ಇದನ್ನ ಹಾಕ್ಕೊಳ್ಳೋ ಮಗು ಇನ್ನೂ ಹುಟ್ಟಿಲ್ಲ" ಎಂದು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ನಾನು ನಗಲಿಲ್ಲ. ಅದು ನನ್ನ ನೋಟ್ಸಿನಲ್ಲಿ ಇದ್ದ ಚಿತ್ರವೇ ಆಗಿತ್ತು. ಮೂರು ಬಾಯಿಯ ಎರಡು ಪದರಗಳನ್ನು ಬಾಯಿಗೆ ಬಾಯಿ ಸೇರಿಸಿದರೆ ಎರಡು ತೂತಿನ ಮುಚ್ಚಿದ ಆಕಾರ ಬರುತ್ತದೆ. ಅದನ್ನು ಸಣ್ಣ ಸಂದಿಯಿಂದ ಮಗುಚಿದರೆ ತೂತುಗಳು ಮೊದಲಿದ್ದ ಹಾಗೆ ಉಳಿಯುವುದಿಲ್ಲ. ಅದನ್ನು ಎರಡು ದಿನ ಮಹಡಿಗೆ ಒಯ್ದು ಇಟ್ಟುಕೊಂಡೆ, ಕಾಗದದ ಮೇಲೆ ಬರೆದೆ, ಹೊಡೆದುಹಾಕಿದೆ. ಮೂರನೆಯ ದಿನ ಕೆಳಗಿಳಿದು ಹೇಳಿದೆ:

"ಖಾಲಾ, ದಿಂಬಿನ ಚೀಲ ಮಗುಚೋಕೆ ಕಷ್ಟ ಇಲ್ಲ, ಯಾಕಂದ್ರೆ ಅದು ಕರ್ಚೀಫಿನ ಜಾತಿ. ಇದರಲ್ಲಿ ತೊಂದರೆ ಕೊಡ್ತಿರೋದು ಕಾಲಿನ ಬಾಯಿಗಳು."

ಅವರು ಚಡ್ಡಿಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ನಿಧಾನವಾಗಿ ಅಂದರು: "ಹಾಗಾದ್ರೆ ಬಾಯಿ ಕೊನೇಲಿ ಮಾಡಬೇಕು."

ಚಿತ್ರ ನನ್ನದು, ಆ ವಾಕ್ಯ ಅವರದು. ಹೊಲಿಗೆಯನ್ನೆಲ್ಲ ಬಿಚ್ಚಿ, ಸೊಂಟದಿಂದ ತೊಡೆಗೆ ಇಳಿಯುವ ಎರಡು ಪಕ್ಕದ ಹೊಲಿಗೆಯನ್ನೂ ಬಿಡಿಸಿದರು. ಈಗ ಅದು ಚಪ್ಪಟೆಯಾದ ಒಂದು ತುಂಡು, ಕರ್ಚೀಫಿನ ನೆಂಟ. ಎರಡು ಪದರ ಇಟ್ಟು ಅಂಚು ಹೊಲಿದು, ಪಕ್ಕದಿಂದ ಮಗುಚಿದರು. ದಿಂಬಿನ ಚೀಲದಷ್ಟು ಸಲೀಸಾಗಿ ಬಂತು. ಕೊನೆಗೆ ಎರಡು ಪಕ್ಕವನ್ನೂ ಸೇರಿಸಿದರು. ಎರಡು ಕಾಲು, ಒಂದು ಸೊಂಟ. ಒಂದು ಕಚ್ಚೂ ಕಾಣುತ್ತಿರಲಿಲ್ಲ. ಆ ಚಡ್ಡಿಯನ್ನು ಅವರು ಬಾಗಿಲಿಗೆ ಹಿಡಿದು ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ದು ನನಗೆ ನೆನಪಿದೆ. ಹೊರಗೆ ಟೊಮೆಟೊ ಲಾರಿಯೊಂದು ಓಣಿಗೆ ನುಗ್ಗಲಾರದೆ ಹಾರನ್ ಹೊಡೆಯುತ್ತಿತ್ತು. ಅವರಿಗೆ ಅದು ಕೇಳಿಸಿರಲಿಕ್ಕಿಲ್ಲ.

ಅದೇ ವರ್ಷ ಮಹಿಳೆಯರ ಹೊಲಿಗೆ ತರಬೇತಿ ಕೇಂದ್ರಕ್ಕೆ ಶಿಕ್ಷಕಿ ಬೇಕೆಂದು ಪ್ರಕಟಣೆ ಬಂತು. ಖಾಲಾ ಇಂಥ ಕೆಲಸಕ್ಕೆ ಹಿಂದೆ ಎರಡು ಕಡೆ ಹೋಗಿದ್ದರು. ಸರ್ಟಿಫಿಕೇಟ್ ಇಲ್ಲ ಎಂದು ಎರಡೂ ಕಡೆ ಬಾಗಿಲಲ್ಲೇ ವಾಪಸ್ ಕಳಿಸಿದ್ದರು. ಇಲ್ಲಿ ಸರ್ಟಿಫಿಕೇಟ್ ಇಲ್ಲದವರು ಪರೀಕ್ಷೆಯಲ್ಲಿ ಹೊಲಿದು ತೋರಿಸಬಹುದಿತ್ತು. ಆದರೆ ಐವತ್ತೈದು ದಾಟಿರಬಾರದು. ಅವರಿಗೆ ಐವತ್ನಾಲ್ಕು.

ಅರ್ಜಿ ನಾನು ತುಂಬಿದೆ. ವಿದ್ಯಾಭ್ಯಾಸ ಎಂಬಲ್ಲಿ ನಾಲ್ಕನೇ ತರಗತಿ ಎಂದು ಬರೆಯುವಾಗ ಅವರು ಕಿಟಕಿಯ ಕಡೆ ನೋಡುತ್ತಿದ್ದರು.

"ಇಷ್ಟು ವರ್ಷ ಹೇಳ್ಕೊಟ್ಟೆ ಬೇಟಾ. ಎಲ್ಲಾ ಹುಡುಗೀರೂ ಖಾಲಾ ಅಂತಾರೆ, ಖುಷಿನೇ. ಒಂದು ಸಲ ಟೀಚರ್ ಅನ್ನಿಸ್ಕೋಬೇಕು. ಇದು ಕೊನೇ ಸಲ, ಆಮೇಲೆ ವಯಸ್ಸು ಬಿಡಲ್ಲ."

ಪರೀಕ್ಷೆಯ ಬೆಳಗ್ಗೆ ನನ್ನನ್ನೂ ಕರೆದರು. "ನೀನು ಏನೂ ಮಾತಾಡ್ಬೇಡ. ಮಾತಾಡೋದು ನಿಂಗೂ ಬರಲ್ಲ. ಕಾಣೋ ಹಂಗೆ ಕೂತ್ಕೋ, ಸಾಕು." ನಾನು ಕೇಂದ್ರದ ಜಗಲಿಯ ಮೇಲೆ, ಕಿಟಕಿಯ ಎದುರು ಕೂತೆ. ಒಳಗೆ ಮೂರು ಮಿಷನ್ನು, ಮೂವರು ಹೆಂಗಸರು. ಪರೀಕ್ಷೆ ಮಾಡಲು ಬಂದವರನ್ನು ನೋಡಿದೊಡನೆ ಗುರುತು ಹಿಡಿದೆ. ಅದೇ ಕೋಟ್ ಮಾಸ್ಟರ್.

ಅವರು ಮೂವರಿಗೂ ಕತ್ತರಿಸಿದ ಬಟ್ಟೆ ಕೊಟ್ಟರು. ಲೈನಿಂಗ್ ಇರುವ ವೇಸ್ಟ್‌ಕೋಟು. ತೋಳಿಲ್ಲದ್ದು, ಮುಂದೆ ತೆರೆದದ್ದು. ಕಚ್ಚು ಎಲ್ಲೂ ಕಾಣಬಾರದು. ಮಧ್ಯಾಹ್ನ ಎರಡು ಗಂಟೆಯೊಳಗೆ ಮುಗಿಯಬೇಕು.

ಖಾಲಾ ಆವರೆಗೆ ಒಂದು ವೇಸ್ಟ್‌ಕೋಟನ್ನೂ ಹೊಲಿದಿರಲಿಲ್ಲ. ಕೈಯ ಅಭ್ಯಾಸದಂತೆ ಭುಜ ಸೇರಿಸಿದರು, ಎರಡು ಪಕ್ಕವನ್ನೂ ಸೇರಿಸಿದರು. ಲೈನಿಂಗಿಗೂ ಹಾಗೇ ಮಾಡಿದರು. ಒಂದರೊಳಗೆ ಒಂದು ಉಲ್ಟಾ ಇಟ್ಟು ಅಂಚಿಗೆ ಸೂಜಿಗಳನ್ನು ಚುಚ್ಚತೊಡಗಿದರು. ಕಿಟಕಿಯ ಆಚೆ ಕೂತ ನನಗೆ ಆ ಸೈಕಲ್ ಟ್ಯೂಬು ಕಣ್ಣ ಮುಂದೆ ಬಂತು. ಕೂಗಬೇಕೆನಿಸಿತು. ಕೂಗುವ ಹಾಗಿರಲಿಲ್ಲ.

ಅವರ ಕೈ ನಿಂತಿತು. ಸೂಜಿಗಳನ್ನು ಒಂದೊಂದಾಗಿ ತೆಗೆದು, ವೇಸ್ಟ್‌ಕೋಟನ್ನು ಮೇಲಕ್ಕೆತ್ತಿ, ಕಂಕುಳಿನ ಒಂದು ತೆರಪಿನಲ್ಲಿ ಒಂದು ಮುಷ್ಟಿ ತೂರಿಸಿದರು, ಇನ್ನೊಂದರಲ್ಲಿ ಇನ್ನೊಂದು. ಆಮೇಲೆ ಬೆರಳನ್ನು ಕುತ್ತಿಗೆಯಿಂದ ಮುಂದಿನ ಅಂಚಿಗೆ, ಅಲ್ಲಿಂದ ಕೆಳಕ್ಕೆ, ಸುತ್ತಿಕೊಂಡು ಮತ್ತೆ ಕುತ್ತಿಗೆಗೆ ತಂದರು. ನನ್ನ ಕಡೆ ತಿರುಗಿದರು. ಮೂರು ಬೆರಳು ಎತ್ತಿ ತೋರಿಸಿದರು.

ಮೂರು ಬಾಯಿ. ಅದು ನನ್ನ ಅಕ್ಕನ ಮಗುವಿನ ಚಡ್ಡಿ. ತಲೆಕೆಳಗಾಗಿತ್ತು, ದೊಡ್ಡದಾಗಿತ್ತು, ಮುಂದೆ ಸೀಳಿತ್ತು. ಆದರೂ ಅದೇ.

ಅವರು ಬ್ಲೇಡು ತೆಗೆದುಕೊಂಡು ಎರಡೂ ಪಕ್ಕದ ಹೊಲಿಗೆಯನ್ನು ಬಿಚ್ಚತೊಡಗಿದರು. ಮಾಸ್ಟರ್ ಹತ್ತಿರ ಬಂದರು.

"ಏಮ್ಮಾ, ಹೊಲಿದಿದ್ದನ್ನ ಬಿಚ್ತಾ ಇದ್ದೀಯಲ್ಲ! ಇನ್ನು ಒಂದೇ ಗಂಟೆ ಇರೋದು."

"ಬಾಯಿ ಬೇಗ ಮಾಡ್ಬಿಟ್ಟೆ ಮಾಸ್ಟರ್. ಅದು ಕೊನೇಲಿ ಮಾಡೋದು."

ಮಾಸ್ಟರ್ ಮುಂದಕ್ಕೆ ಹೋಗಲಿಲ್ಲ. ಅಲ್ಲೇ ನಿಂತು ನೋಡಿದರು. ಪಕ್ಕಗಳು ಬಿಚ್ಚಿಕೊಂಡು ಬಟ್ಟೆ ಚಪ್ಪಟೆಯಾಯಿತು. ಖಾಲಾ ಎರಡು ಪದರ ಇಟ್ಟು ಸುತ್ತಲೂ ಹೊಲಿದರು, ಪಕ್ಕ ಮಾತ್ರ ಬಿಟ್ಟರು. ಪಕ್ಕದಿಂದ ಕೈ ತೂರಿಸಿ, ಭುಜದ ಒಳಗಿಂದ ಮುಂಭಾಗವನ್ನು ಹಿಡಿದು ಎಳೆದರು. ಇಡೀ ವೇಸ್ಟ್‌ಕೋಟು ಸೀದಾ ಆಗಿ ಅವರ ಕೈಗೆ ಬಂತು. ಪಕ್ಕ ಸೇರಿಸಿ, ಲೈನಿಂಗಿನಲ್ಲಿ ಉಳಿದ ನಾಲ್ಕು ಬೆರಳಗಲದ ಸಂದಿಯನ್ನು ಕೈಹೊಲಿಗೆಯಲ್ಲಿ ಮುಚ್ಚಿ, ಮೇಜಿನ ಮೇಲೆ ಇಟ್ಟಾಗ ಗೋಡೆಯ ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷ ಇತ್ತು. ಉಳಿದ ಇಬ್ಬರಲ್ಲಿ ಒಬ್ಬರ ಕೈಯಲ್ಲಿ ನನಗೆ ಪರಿಚಯದ ಆ ಟ್ಯೂಬು ಇತ್ತು. ಇನ್ನೊಬ್ಬರು ಲೈನಿಂಗನ್ನು ಒಳಗೆ ಮಡಿಚಿ ಹೆಮ್ಮಿಂಗ್ ಮಾಡುತ್ತಿದ್ದರು.

ಮಾಸ್ಟರ್ ವೇಸ್ಟ್‌ಕೋಟನ್ನು ಮಗುಚಿ ನೋಡಿದರು. "ಯಾರ ಹತ್ರ ಕಲಿತಿದ್ದು?"

"ಯಾರ ಹತ್ರಾನೂ ಇಲ್ಲ ಮಾಸ್ಟರ್. ಇವತ್ತೇ ಮೊದಲು."

"ಸುಳ್ಳು ಹೇಳ್ಬೇಡಮ್ಮ. ಇದು ಹಂಗೆಲ್ಲ ಬರಲ್ಲ."

"ಇದರ ತಮ್ಮನ್ನ ಹೊಲಿದಿದ್ದೀನಿ."

"ಯಾರದು ತಮ್ಮ?"

"ಕೂಸಿನ ಚಡ್ಡಿ" ಎಂದರು ಖಾಲಾ. "ಎರಡೂ ಒಂದೇ ಮಾಸ್ಟರ್. ಎಣಿಸಿ ನೋಡಿ."

ಪಕ್ಕದಲ್ಲಿ ಕೂತಿದ್ದ ಕೇಂದ್ರದ ಕಾರ್ಯದರ್ಶಿ ಹೆಂಗಸು ಬಾಯಿಗೆ ಸೆರಗು ಹಿಡಿದು ನಕ್ಕರು. ಮಾಸ್ಟರ್ ನಗಲಿಲ್ಲ. ಅವರು ನಿಜಕ್ಕೂ ಎಣಿಸಿದರು. ಒಂದು ಕಂಕುಳು, ಇನ್ನೊಂದು ಕಂಕುಳು, ಸುತ್ತಲಿನ ಅಂಚು. ನಂತರ ಕಾಗದದ ಮೇಲೆ ಏನೋ ಬರೆದು ಕಾರ್ಯದರ್ಶಿಯ ಕೈಗೆ ಕೊಟ್ಟು, ಖಾಲಾ ಅವರ ಕಡೆ ನೋಡದೆ, ಆದರೆ ಅವರಿಗೆ ಕೇಳುವ ಹಾಗೆ ಹೇಳಿದರು:

"ಟೀಚರಮ್ಮನಿಗೆ ಒಂದು ಟೀ ತರಿಸಿ."

ಆರು ವರ್ಷ ಅವರು ಅಲ್ಲಿ ಕಲಿಸಿದರು. ಅವರ ತರಗತಿಯ ಗೋಡೆಯಲ್ಲಿ ಒಂದೇ ಮೊಳೆಗೆ ಒಂದು ಕೂಸಿನ ಚಡ್ಡಿ, ಒಂದು ವೇಸ್ಟ್‌ಕೋಟು ತೂಗುತ್ತಿದ್ದವು. ಹೊಸ ಹುಡುಗಿಯರಿಗೆ ಮೊದಲ ಪಾಠ ಅವೆರಡರದು. ನಾನು ಈಗ ಮುಳಬಾಗಿಲಿನ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ನನ್ನ ಚೀಲದಲ್ಲೂ ಅಂಥದೇ ಒಂದು ಜೋಡಿ ಇರುತ್ತದೆ, ಅವರೇ ಹೊಲಿದುಕೊಟ್ಟದ್ದು. ನಾನು ಅವುಗಳನ್ನು ಮೇಜಿನ ಮೇಲಿಟ್ಟರೆ ವಿದ್ಯಾರ್ಥಿಗಳು ಮೊದಲು ನಗುತ್ತಾರೆ, ಆಮೇಲೆ ಎಣಿಸುತ್ತಾರೆ.

ಬೀಳ್ಕೊಡುಗೆಯಾದ ಮುಂದಿನ ವಾರ ನಾನು ಕೋಲಾರಕ್ಕೆ ಹೋದಾಗ ಖಾಲಾ ಆ ಶಾಲನ್ನು ಕತ್ತರಿಸಿ ಮುಗಿಸಿದ್ದರು. ನಾನು ಹೌಹಾರಿದೆ.

"ಸನ್ಮಾನದ ಶಾಲು ಖಾಲಾ!"

"ಶಾಲಾಗೇ ಇದ್ರೆ ಟ್ರಂಕಲ್ಲಿ ಮಲಗಿರುತ್ತೆ. ಒಂದೇ ಬಾಯಲ್ಲಿ ಏನ್ ಮಾತಾಡುತ್ತೆ? ಕೂತ್ಕೋ, ನೋಡು."

ಅವರು ತಮಗೇ ಒಂದು ವೇಸ್ಟ್‌ಕೋಟು ಹೊಲಿಯುತ್ತಿದ್ದರು, ಒಳಗೆ ಹಸಿರು ಲೈನಿಂಗ್. ಎರಡು ದಿನ ಬೆಳಗಿನ ಹೊತ್ತು ಪಕ್ಕದಲ್ಲಿ ಕೂತು ನೋಡಿದೆ. ಮೂರನೆಯ ದಿನ ಅದನ್ನು ಕುರ್ತಾದ ಮೇಲೆ ತೊಟ್ಟು, ದುಪಟ್ಟಾ ಸರಿಮಾಡಿಕೊಂಡು, "ಬಾ, ಒಂದು ಸುತ್ತು ಹೋಗಿ ಬರೋಣ" ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಕೋಟ್ ಮಾಸ್ಟರ್ ಅಂಗಡಿಯಲ್ಲೇ ಇದ್ದರು. ವಯಸ್ಸಾಗಿದೆ, ಕನ್ನಡಕ ದಪ್ಪವಾಗಿದೆ. "ಏನ್ ಟೀಚರಮ್ಮ, ಕೋಟು ಹಾಕ್ಕೊಂಡು ಬಂದಿದ್ದೀರಿ" ಎನ್ನುತ್ತ ಎದ್ದು ಬಂದರು. ಖಾಲಾ ಅದನ್ನು ಬಿಚ್ಚಿ ಅವರ ಮೇಜಿನ ಮೇಲೆ ಇಟ್ಟರು. ಮಾಸ್ಟರ್ ಅಂಚು ನೋಡಿದರು, ಒಳಗು ನೋಡಿದರು. ಪಕ್ಕದ ಹೊಲಿಗೆಯ ಲೈನಿಂಗನ್ನು ಬೆರಳಿನಿಂದ ಸವರಿದರು. ಮಗುಚಿದ ಜಾಗದಲ್ಲಿ ನಾಲ್ಕು ಬೆರಳಿನ ಕೈಹೊಲಿಗೆ ಇರಲೇಬೇಕು. ಬಲಗಡೆ ಇರಲಿಲ್ಲ. ಎಡಗಡೆಯೂ ಇರಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಪಕ್ಕ ಎರಡೂ ಮಿಷನ್ನಿನ ಹೊಲಿಗೆಯೇ, ಮೇಲಿನಿಂದ ಕೆಳಗಿನವರೆಗೆ.

"ಎಲ್ಲಿಂದ ತಿರುಗಿಸಿದ್ರಿ?"

"ಹುಡುಕಿ ಮಾಸ್ಟರ್" ಎಂದರು ಖಾಲಾ. ಅಂಗಡಿಯ ಸ್ಟೂಲನ್ನು ಎಳೆದುಕೊಂಡು ಕೂತರು, ಕೈ ಕಟ್ಟಿಕೊಂಡರು. "ನಂಗೇನೂ ಅರ್ಜೆಂಟಿಲ್ಲ."

ಮಾಸ್ಟರ್ ಕೆಳಗಿನ ಅಂಚಿಗೆ ಹೋದರು, ಮತ್ತೆ ಪಕ್ಕಕ್ಕೆ ಬಂದರು. ಐವತ್ತು ವರ್ಷ ಪಕ್ಕದಿಂದ ಮಗುಚಿದ ಕೈ ಅದು. ಪಕ್ಕ ಬಿಡುವ ಬದಲು ಭುಜ ಎರಡನ್ನೂ ಬಿಟ್ಟರೂ ಬಟ್ಟೆ ಕರ್ಚೀಫಿನ ಜಾತಿಗೇ ಸೇರುತ್ತದೆ, ಅಲ್ಲಿಂದಲೂ ಅಷ್ಟೇ ಸಲೀಸಾಗಿ ಮಗುಚಬಹುದು. ಕೈಹೊಲಿಗೆ ಭುಜದ ಮೇಲೆ, ಶಾಲಿನ ಕಸೂತಿಯ ಬಳ್ಳಿಯ ಕೆಳಗೆ ಇತ್ತು. ಮಾಸ್ಟರ್ ತಲೆ ಎತ್ತಿ ನನ್ನ ಕಡೆ ನೋಡಿದರು.

"ನಿಂಗೊತ್ತೇನಮ್ಮ?"

ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ.